ಅಮೆರಿಕದಲ್ಲಿ ಅಂಧ ಕನ್ನಡಿಗರು: ಕಚೇರಿಗಿಂತ ಮೊದಲು ಸಂಘಕ್ಕೆ ಫೋನ್ ಮಾಡಿ

ಊರಿಂದ ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಇಲ್ಲಿ ಯುಡಿಐಡಿ (ಭಾರತದಲ್ಲಿ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್) ಥರದ ಕಾರ್ಡ್ ಎಲ್ಲಿ ಮಾಡಿಸಬೇಕು?’ ಅಂತ. ಎಲ್ಲೂ ಇಲ್ಲ. ಇಡೀ ದೇಶಕ್ಕೆ ನಡೆಯುವ ಅಂಥ ಕಾರ್ಡೇ ಇಲ್ಲಿಲ್ಲ. ಎರಡು ಕಣ್ಣಲ್ಲಿ ಚೆನ್ನಾಗಿರುವುದರ ದೃಷ್ಟಿ, ಕನ್ನಡಕ ಹಾಕಿದ ಮೇಲೂ 20/200 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರ ನೀವು ಅಂಧರು. ನಮ್ಮೂರ ಲೆಕ್ಕದಲ್ಲಿ ಅದು 6/60, ಅಂದರೆ ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು ನಿಮಗೆ 6 ಮೀಟರ್ ಹತ್ತಿರ ಹೋದರೇ ಕಾಣುತ್ತದೆ. ನೋಟದ ಹರವು 20 ಡಿಗ್ರಿ ದಾಟದಿದ್ದರೂ ಅಷ್ಟೇ. ಇದನ್ನು ಕಣ್ಣಿನ ಡಾಕ್ಟರ್ ಹತ್ತಿರ ಬರೆಸಿಕೊಂಡು ನಾಲ್ಕೈದು ಕಾಪಿ ಇಟ್ಟುಕೊಳ್ಳಿ.

ಆಮೇಲೆ ಸರ್ಕಾರಿ ಕಚೇರಿಗೆ ಓಡುವ ಮೊದಲು ಅಂಧರ ಸಂಘಕ್ಕೊಂದು ಫೋನ್ ಮಾಡಿ. ಯಾವ ಫಾರಂ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಅಲ್ಲಿರುವವರಿಗೆ ಗೊತ್ತು. ಅವರೂ ಅದೇ ಬಾಗಿಲು ತಟ್ಟಿ ಬಂದವರು. ದೊಡ್ಡ ಸಂಘಗಳು ಎರಡು. ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ 1940ರಲ್ಲಿ ಹುಟ್ಟಿತು. ಕಟ್ಟಿದವರಲ್ಲಿ ಮುಖ್ಯರು ಜೇಕಬಸ್ ಟೆನ್‌ಬ್ರೂಕ್, ಕಾನೂನು ಪಂಡಿತರು, ತಾವೂ ಅಂಧರು. ಮುಖ್ಯ ಕಚೇರಿ ಬಾಲ್ಟಿಮೋರ್‌ನಲ್ಲಿದೆ. ಇದೇ ಹೆಸರಿನ ಸಂಘ ಭಾರತದಲ್ಲೂ ಇದೆ, ಅದು ಬೇರೆ. 1961ರಲ್ಲಿ ಒಳಜಗಳವಾಗಿ ಒಂದು ಗುಂಪು ಹೊರಬಂದು ಅಮೆರಿಕನ್ ಕೌನ್ಸಿಲ್ ಆಫ್ ದಿ ಬ್ಲೈಂಡ್ ಕಟ್ಟಿತು. ನಮ್ಮ ಕನ್ನಡ ಕೂಟಗಳನ್ನು ಕಂಡವರಿಗೆ ಇದೇನೂ ಹೊಸದಲ್ಲ ಬಿಡಿ.

ಎರಡನ್ನೂ ನಡೆಸುವವರು ಅಂಧರೇ. ಕಣ್ಣು ಕಾಣುವವರೂ ಸದಸ್ಯರಾಗಬಹುದು. ಒಲವು ಮಾತ್ರ ಬೇರೆ ಬೇರೆ. ಬ್ರೈಲ್ ಕಲಿ, ಕೋಲು ಹಿಡಿ, ಹೊರಡು ಅನ್ನುವುದು ಫೆಡರೇಷನ್. ಸಿಗ್ನಲ್‌ನಲ್ಲಿ ಸದ್ದು ಬರಲಿ, ಟೀವಿಯಲ್ಲಿ ದೃಶ್ಯವನ್ನು ಮಾತಲ್ಲಿ ಹೇಳಲಿ ಅಂತ ಜಾಸ್ತಿ ಹಟ ಹಿಡಿದಿದ್ದು ಕೌನ್ಸಿಲ್. ಕೋರ್ಟಿಗೆ ಹೋಗಲು ಇಬ್ಬರೂ ಹಿಂದೆಮುಂದೆ ನೋಡುವುದಿಲ್ಲ. ಟಾರ್ಗೆಟ್ ಅಂಗಡಿಯ ವೆಬ್‌ಸೈಟ್ ಅಂಧರಿಗೆ ಬಳಸಲು ಆಗುತ್ತಿಲ್ಲ ಅಂತ ಫೆಡರೇಷನ್ ಹೂಡಿದ ಕೇಸು 2008ರಲ್ಲಿ 60 ಲಕ್ಷ ಡಾಲರಿಗೆ ರಾಜಿಯಾಯಿತು. ಡಾಲರ್ ನೋಟುಗಳು ಮುಟ್ಟಿದರೆ ಎಲ್ಲಾ ಒಂದೇ ಥರ ಅಂತ ಖಜಾನೆ ಇಲಾಖೆ ಮೇಲೆ ಹೂಡಿದ ಕೇಸನ್ನು ಅದೇ ವರ್ಷ ಕೌನ್ಸಿಲ್ ಮೇಲ್ಮನವಿಯಲ್ಲೂ ಗೆದ್ದಿತು. ನಿಮ್ಮೂರಲ್ಲಿ ಯಾವ ಘಟಕ ಚುರುಕಾಗಿದೆಯೋ ಅಲ್ಲಿಗೆ ಹೋಗಿ. ಸಿದ್ಧಾಂತ ಆಮೇಲೆ ನೋಡಿಕೊಂಡರಾಯಿತು.

ಘಟಕದ ಸಭೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಫೆಡರೇಷನ್ ಸಭೆಯಾದರೆ ಯಾರಾದರೂ ನಿಮ್ಮ ಕೋಲು ಮುಟ್ಟಿ ನೋಡಿ, ಇದು ತುಂಬಾ ಗಿಡ್ಡ ಅನ್ನುವುದು ಗ್ಯಾರಂಟಿ. ಊರಿಂದ ತಂದ ಮಡಚುವ ಅಲ್ಯೂಮಿನಿಯಂ ಕೋಲು ಎದೆಯವರೆಗೂ ಬರುವುದಿಲ್ಲ. ಅವರದು ಗಲ್ಲದವರೆಗೆ, ಕೆಲವರದು ಮೂಗಿನವರೆಗೆ. ಟೊಳ್ಳು ಫೈಬರ್‌ಗ್ಲಾಸ್, ಕೈಗೆ ಭಾರವೇ ಇಲ್ಲ. ತುದಿಯಲ್ಲಿ ಲೋಹದ ಬಿಲ್ಲೆ. ನೆಲಕ್ಕೆ ತಾಗಿ ಬರುವ ಸದ್ದಿನಲ್ಲೇ ಪಕ್ಕದಲ್ಲಿ ಗೋಡೆಯಿದೆಯೋ, ಬಾಗಿಲು ತೆರೆದಿದೆಯೋ ಅಂತ ಅಂದಾಜು ಸಿಗುತ್ತದೆ. ಕೋಲು ಉದ್ದವಿದ್ದರೆ ಮೆಟ್ಟಿಲು ಒಂದು ಹೆಜ್ಜೆ ಮೊದಲೇ ಗೊತ್ತಾಗುತ್ತದೆ, ಹಾಗಾಗಿ ಬಿರುಸಾಗಿ ನಡೆಯಬಹುದು. ಇಲ್ಲಿ ವಾಸವಿರುವ ಅಂಧರು ಅರ್ಜಿ ಹಾಕಿದರೆ ಫೆಡರೇಷನ್ ಈ ಕೋಲನ್ನು ಪುಕ್ಕಟೆ ಕಳಿಸುತ್ತದೆ.

ಮಗುವಿಗೆ ದೃಷ್ಟಿ ಕಡಿಮೆಯಿದ್ದರೆ ಸಂಘದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸರ್ಕಾರಿ ಶಾಲೆಗೆ ವೀಸಾ ಯಾವುದು ಅನ್ನುವುದು ಮುಖ್ಯವಲ್ಲ. 3 ವರ್ಷದಿಂದಲೇ ವಿಶೇಷ ಶಿಕ್ಷಣದ ಹಕ್ಕಿದೆ. ವರ್ಷಕ್ಕೊಮ್ಮೆಯಾದರೂ ಐಇಪಿ ಅನ್ನುವ ಮೀಟಿಂಗ್ ಮಾಡಿ, ಮಗುವಿಗೆ ಏನೇನು ಕಲಿಸಬೇಕು ಅಂತ ಬರೆದಿಡುತ್ತಾರೆ. ಅಲ್ಲಿ ಬರೆದದ್ದನ್ನು ಶಾಲೆ ಕೊಡಲೇಬೇಕು. ‘ಸ್ವಲ್ಪ ಕಾಣುತ್ತಲ್ಲ, ದೊಡ್ಡಕ್ಷರ ಸಾಕು, ಬ್ರೈಲ್ ಯಾಕೆ’ ಅಂತ ಶಾಲೆಯವರು ಹೇಳಬಹುದು. ಟೀಚರ್ ಹೇಳಿದ ಮೇಲೆ ಮುಗಿಯಿತು ಅಂತ ತಲೆಯಾಡಿಸಿ ಸಹಿ ಹಾಕುವುದು ನಮ್ಮವರ ಅಭ್ಯಾಸ, ಅಲ್ವಾ? ಹಾಕಬೇಡಿ. ಕಾನೂನು ಇರುವುದು ಉಲ್ಟಾ. ಬ್ರೈಲ್ ಕಲಿಸಬೇಕು ಅನ್ನುವುದೇ ನಿಯಮ. ಬೇಡ ಅನ್ನಬೇಕಾದರೆ ಮಗುವಿನ ಈಗಿನ ಮತ್ತು ಮುಂದಿನ ಅಗತ್ಯವನ್ನು ಪರೀಕ್ಷಿಸಿಯೇ ತೀರ್ಮಾನಿಸಬೇಕು. ವಿಷಯ ಬಲ್ಲವರನ್ನು ಮೀಟಿಂಗಿಗೆ ಕರೆದುಕೊಂಡು ಹೋಗಲು ನಿಮಗೆ ಅವಕಾಶವಿದೆ. ಫೆಡರೇಷನ್‌ನಲ್ಲಿ ಅಂಧ ಮಕ್ಕಳ ತಂದೆತಾಯಿಯರದೇ ಒಂದು ವಿಭಾಗವಿದೆ, ಅಲ್ಲಿ ಕೇಳಿ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಶಾಲೆಗೆ ಮೊದಲೇ ಹೇಳಿ. ಖರ್ಚು ಶಾಲೆಯದು.

ದೊಡ್ಡವರಿಗೆ ರಾಜ್ಯದ ಉದ್ಯೋಗ ಪುನರ್ವಸತಿ ಇಲಾಖೆ ಇದೆ. ತರಬೇತಿ, ಸ್ಕ್ರೀನ್ ರೀಡರ್ (ಕಂಪ್ಯೂಟರ್ ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್), ಕೆಲವು ಸಲ ಕಾಲೇಜು ಫೀಸನ್ನೂ ಅದು ಕಟ್ಟುತ್ತದೆ. ಆದರೆ ಕೆಲಸ ಮಾಡುವ ಪರವಾನಗಿ ಕೇಳುತ್ತಾರೆ, ಹಾಗಾಗಿ ಎಚ್-4ನಲ್ಲಿ (ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ) ಸುಮ್ನೆ ಮನೆಯಲ್ಲಿರುವವರಿಗೆ ಕಷ್ಟ. ಆದಾಯ ಕಡಿಮೆ ಇರುವ ಅಂಗವಿಕಲರಿಗೆ, ವೃದ್ಧರಿಗೆ ಸರ್ಕಾರ ಕೊಡುವ ಎಸ್‌ಎಸ್‌ಐ ಮಾಸಾಶನವಂತೂ ಕೆಲಸದ ವೀಸಾದವರಿಗೆ ಇಲ್ಲ, ಗ್ರೀನ್ ಕಾರ್ಡ್ ಇದ್ದರೂ ಷರತ್ತು ಜಾಸ್ತಿ. ತರಬೇತಿ ಮಂಜೂರಾದರೆ ಲೂಸಿಯಾನಾದ ರಸ್ಟನ್, ಕೊಲರಾಡೋದ ಲಿಟಲ್‌ಟನ್, ಮಿನಿಯಾಪೊಲಿಸ್ ಈ ಮೂರು ಕಡೆ ಇರುವ ಫೆಡರೇಷನ್ ಕೇಂದ್ರಗಳನ್ನು ವಿಚಾರಿಸಿ. ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಅಲ್ಪಸ್ವಲ್ಪ ಕಾಣುವವರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ರಸ್ತೆ ದಾಟಬೇಕು, ಹತ್ತಾರು ಜನಕ್ಕೆ ಅಡುಗೆ ಮಾಡಬೇಕು. ಎಲ್ಲರಿಗೂ ಒಗ್ಗುವ ಪದ್ಧತಿಯಲ್ಲ, ಆದರೆ ಕೆಲಸ ಮಾಡುತ್ತದೆ. ಹತ್ತಿರದ ಕ್ಲಾಸೇ ಸಾಕು ಅಂತ ಪುನರ್ವಸತಿ ಇಲಾಖೆಯ ಸಲಹೆಗಾರರು ಅಂದರೆ, ತಿಳಿದು ಆರಿಸುವ ಹಕ್ಕು ನಿಮ್ಮದು ಅಂತ ಕಾನೂನಿನಲ್ಲೇ ಇದೆ, ಅದನ್ನು ನೆನಪಿಸಿ.

ಚಳಿಗಾಲದಲ್ಲಿ ಫೆಡರೇಷನ್‌ನವರು ದೇಶದ ಎಲ್ಲಾ ಕಡೆಯಿಂದ ವಾಷಿಂಗ್ಟನ್‌ಗೆ ಹೋಗಿ ಸಂಸದರ ಕಚೇರಿಗಳನ್ನು ಸುತ್ತುತ್ತಾರೆ. ಓಟು ಇಲ್ಲದವರೂ ಹೋಗಬಹುದು. ಆ ಕ್ಷೇತ್ರದಲ್ಲಿ ವಾಸವಿದ್ದೇನೆ ಅಂದರೆ ಮಾತು ಕೇಳುತ್ತಾರೆ. ಕೆಲವು ರಾಜ್ಯ ಘಟಕಗಳು ಪ್ರಯಾಣದ ಖರ್ಚಿಗೆ ಒಂದಿಷ್ಟು ಕೊಡುವುದೂ ಉಂಟು, ಮೊದಲೇ ಕೇಳಿಟ್ಟುಕೊಳ್ಳಿ.