ಮಾರಿದವರಿಂದಲೇ ಸಾಲ ಪಡೆದು ಬಾಡಿಗೆ ಮನೆ ಕೊಂಡ ನನ್ನ ಅನುಭವ

ಬಾಡಿಗೆಗೆಂದು ನಾನು ಕೊಂಡ ಮನೆಗಳಿಗೆ ಬ್ಯಾಂಕ್ ಸಾಲ ಪಡೆದಿಲ್ಲ. ಬೆಲೆಯ ಒಂದು ಪಾಲನ್ನು ಮುಂಗಡವಾಗಿ ಕೊಟ್ಟು, ಉಳಿದುದನ್ನು ಬಡ್ಡಿಸಹಿತ ಕಂತುಗಳಲ್ಲಿ ಮಾರಿದವರಿಗೇ ತೀರಿಸುವ ಕರಾರು ಮಾಡಿಕೊಂಡಿದ್ದೇನೆ. ಇದಕ್ಕೆ ಒಪ್ಪಿದವರು ಹೆಚ್ಚಾಗಿ ಮನೆಯ ಮೇಲೆ ಸಾಲವಿಲ್ಲದ, ಬಾಡಿಗೆದಾರರ ಉಸ್ತುವಾರಿಯಿಂದ ದಣಿದ, ಆದರೆ ತಿಂಗಳ ಆದಾಯ ನಿಲ್ಲಬಾರದೆಂದು ಬಯಸುವ ಹಿರಿಯ ಮಾಲೀಕರು. ಆದ್ದರಿಂದ ಬೆಲೆಯ ಮಾತಿಗೆ ಮೊದಲು, ಮಾರಿ ಬಂದ ಹಣವನ್ನು ಏನು ಮಾಡಬೇಕೆಂದಿದ್ದೀರಿ ಎಂದು ಕೇಳುತ್ತೇನೆ. ಹಣವೆಲ್ಲ ಒಟ್ಟಿಗೇ ಬೇಕೆನ್ನುವವರನ್ನು ಒತ್ತಾಯಿಸುವುದಿಲ್ಲ.

ಬೆಲೆಯಲ್ಲಿ ತುಸು ಬಿಟ್ಟುಕೊಟ್ಟರೂ ಅವಧಿಯಲ್ಲಿ ಬಿಟ್ಟುಕೊಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಶೇಕಡಾ 6ರ ಬಡ್ಡಿಯಲ್ಲಿ 1,00,000 ಸಾಲವನ್ನು 20 ವರ್ಷಗಳಿಗೆ ಹಂಚಿದರೆ ತಿಂಗಳ ಕಂತು ಸುಮಾರು 716, 30 ವರ್ಷಗಳಿಗೆ ಹಂಚಿದರೆ ಸುಮಾರು 600. ಬಾಡಿಗೆಯಲ್ಲಿ ತೆರಿಗೆ, ವಿಮೆ, ದುರಸ್ತಿ ಹಾಗೂ ಮನೆ ಖಾಲಿ ಬೀಳುವ ತಿಂಗಳುಗಳಿಗೆಂದು ಕಾಲು ಭಾಗಕ್ಕಿಂತ ಹೆಚ್ಚನ್ನೇ ತೆಗೆದಿಟ್ಟು ಲೆಕ್ಕ ಹಾಕುವ ನನಗೆ ಈ ವ್ಯತ್ಯಾಸ ದೊಡ್ಡದು. ಆದರೆ ಕಂತನ್ನು 30 ವರ್ಷಗಳ ಲೆಕ್ಕದಲ್ಲಿ ಇಟ್ಟು, ಉಳಿದ ಅಸಲನ್ನೆಲ್ಲ 5ನೇ ವರ್ಷದ ಕೊನೆಗೆ ಒಮ್ಮೆಲೇ ಕೊಡಬೇಕೆಂಬ ಷರತ್ತು ಇದ್ದರೆ, ಅಷ್ಟರಲ್ಲಿ 36,000ದಷ್ಟು ಕಟ್ಟಿದ್ದರೂ ಬಾಕಿ ಇನ್ನೂ 93,000 ಇರುತ್ತದೆ. ಆ ಹೊತ್ತಿಗೆ ಬೇರೆ ಸಾಲ ಸಿಗದಿದ್ದರೆ ಮನೆ ಕೈತಪ್ಪುತ್ತದೆ. ಹಾಗಾಗಿ ನಾನು ಕನಿಷ್ಠ 10 ವರ್ಷ ಕೇಳುತ್ತೇನೆ. ಸಿಗದಿದ್ದರೆ, ಕಂತು ತಪ್ಪದವರಿಗೆ ಗಡುವು ವಿಸ್ತರಿಸುವ ಹಕ್ಕನ್ನಾದರೂ ಬರವಣಿಗೆಯಲ್ಲಿ ಪಡೆಯುತ್ತೇನೆ.

ಕ್ರಯಪತ್ರ ಮೊದಲ ದಿನವೇ ನನ್ನ ಹೆಸರಿಗೆ ನೋಂದಣಿಯಾಗಬೇಕು, ಮಾರಿದವರ ಭದ್ರತೆಗಾಗಿ ಅದೇ ಮನೆಯ ಅಡಮಾನವೂ ನೋಂದಣಿಯಾಗಬೇಕು. ಕೊನೆಯ ಕಂತಿನವರೆಗೆ ಒಡೆತನ ಮಾರಾಟಗಾರರಲ್ಲೇ ಉಳಿಯುವ ಕರಾರಿಗೆ ನಾನು ಸಹಿ ಹಾಕುವುದಿಲ್ಲ. ಮನೆಯ ಮೇಲೆ ಹಳೆಯ ಸಾಲವಿದೆಯೇ ಎಂಬುದನ್ನು ವಕೀಲರಿಂದ ದಾಖಲೆ ನೋಡಿಸಿಯೇ ಖಚಿತಪಡಿಸಿಕೊಳ್ಳುತ್ತೇನೆ; ಮನೆ ಕೈಬದಲಾದರೆ ಪೂರ್ತಿ ಬಾಕಿ ಕೇಳುವ ಹಕ್ಕು ಆ ಸಾಲದಾತರಿಗೆ ಇರಬಹುದು.

ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ, ವಾರಸುದಾರರೂ ಕರಾರಿಗೆ ಬದ್ಧರು ಎಂಬ ಎರಡು ಸಾಲುಗಳು ಒಮ್ಮೆ ತುಂಬ ನೆರವಾದವು. ಮಾರಾಟಗಾರರು ತೀರಿಕೊಂಡ ಬಳಿಕ ಅವರ ಮಕ್ಕಳು ಕಂತಿಗಿಂತ ನಗದನ್ನೇ ಬಯಸಿದ್ದರಿಂದ, ಬಾಕಿಗಿಂತ ಕಡಿಮೆ ಮೊತ್ತಕ್ಕೆ ತೀರುವಳಿ ಕುದುರಿತು. ಹಣ ಕೊಟ್ಟ ದಿನವೇ ಅಡಮಾನ ಬಿಡುಗಡೆ ಪತ್ರವನ್ನೂ ನೋಂದಾಯಿಸಿಕೊಂಡೆ. ಅದಿಲ್ಲದಿದ್ದರೆ ಸಾಲ ತೀರಿದ್ದರೂ ದಾಖಲೆಯಲ್ಲಿ ಋಣಭಾರ ಹಾಗೆಯೇ ಉಳಿಯುತ್ತಿತ್ತು.