ಮನೆಯ ವೈ-ಫೈಗೆ ಡಿಎನ್‌ಎಸ್ ಫಿಲ್ಟರ್: ಹಾಕುವುದು ಹೇಗೆ, ಎಲ್ಲೆಲ್ಲಿ ಸೋರುತ್ತದೆ

ಅಶ್ಲೀಲ ತಾಣಗಳು ಮಕ್ಕಳ ಕಣ್ಣಿಗೆ ಬೀಳದಂತೆ ತಡೆಯಲು ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಮುಂಚೆ ರೂಟರ್‌ನ ಡಿಎನ್‌ಎಸ್ (ತಾಣದ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ನೋಡಿ. ಖರ್ಚಿಲ್ಲ, ಮನೆಯ ಎಲ್ಲ ಫೋನು, ಟಿವಿಗಳಿಗೂ ಒಟ್ಟಿಗೇ ಅನ್ವಯಿಸುತ್ತದೆ.

ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆಯಿರಿ. ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್‌ನ ತಳದ ಸ್ಟಿಕರ್ ಮೇಲಿರುತ್ತದೆ. ಒಳಹೊಕ್ಕ ಕೂಡಲೇ ಅದನ್ನು ಬದಲಿಸಿ. ಇಲ್ಲದಿದ್ದರೆ ಸ್ಟಿಕರ್ ಓದಬಲ್ಲ ಮಗುವೇ ನಿಮ್ಮ ಸೆಟ್ಟಿಂಗ್ ಅಳಿಸಬಹುದು. ಬಳಿಕ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ) ವಿಭಾಗದಲ್ಲಿ ಪ್ರೈಮರಿ ಡಿಎನ್‌ಎಸ್‌ಗೆ 1.1.1.3, ಸೆಕೆಂಡರಿಗೆ 1.0.0.3 ಹಾಕಿ, ಸೇವ್ ಮಾಡಿ, ರೂಟರನ್ನು ರೀಸ್ಟಾರ್ಟ್ ಮಾಡಿ. ಇವು ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಕುಟುಂಬಗಳಿಗೆಂದೇ ಶುರುಮಾಡಿದ ವಿಳಾಸಗಳು. ವೈರಸ್ ಹರಡುವ ತಾಣಗಳನ್ನೂ ತಡೆಯುತ್ತವೆ.

ಹೆಚ್ಚಿನವರು ಎಡವುವುದು ಸೆಕೆಂಡರಿಯಲ್ಲಿ. "ಒಂದು ಕೆಟ್ಟರೆ ಇನ್ನೊಂದಿರಲಿ" ಎಂದು ಅಲ್ಲಿ ಗೂಗಲ್‌ನ 8.8.8.8 ಹಾಕಿಬಿಡುತ್ತಾರೆ. ಸೆಕೆಂಡರಿಯನ್ನು ಆಪತ್ಕಾಲಕ್ಕೆಂದು ಎತ್ತಿಡುವ ನಿಯಮವೇನೂ ಇಲ್ಲ. ಸಾಧನಗಳು ಯಾವಾಗ ಬೇಕಾದರೂ ಅದನ್ನೇ ಕೇಳಬಹುದು. ಹಾಗಾಗಿ ಒಮ್ಮೆ ತಡೆದ ತಾಣ ಮತ್ತೊಮ್ಮೆ ತೆರೆದುಕೊಳ್ಳುತ್ತದೆ. ರೂಟರ್‌ನಲ್ಲಿ ಐಪಿವಿ6 (ಇಂಟರ್‌ನೆಟ್ ವಿಳಾಸಗಳ ಹೊಸ ಪದ್ಧತಿ) ಚಾಲೂ ಇದ್ದರೂ ಇದೇ ಕಥೆ: ಅಲ್ಲಿನ ಡಿಎನ್‌ಎಸ್ ಜಾಗಕ್ಕೆ 2606:4700:4700::1113 ಮತ್ತು 2606:4700:4700::1003 ತುಂಬಿ.

ಪರೀಕ್ಷಿಸಲು ಮೊಬೈಲ್ ಡೇಟಾ ಆಫ್ ಮಾಡಿ, ವೈ-ಫೈ ಬಿಟ್ಟು ಮತ್ತೆ ಕನೆಕ್ಟ್ ಆಗಿ. ತಡೆದ ತಾಣಕ್ಕೆ 0.0.0.0 ಎಂಬ ಉತ್ತರ ಬರುವುದರಿಂದ "ತಡೆಯಲಾಗಿದೆ" ಎಂಬ ಸೂಚನೆ ಕಾಣದು, ಪುಟ ತೆರೆಯುವುದೇ ಇಲ್ಲ. ನೆಟ್ ಹೋಗಿದೆಯೆಂದು ಗಾಬರಿಯಾಗಬೇಡಿ.

ಡಿಎನ್‌ಎಸ್‌ಗೆ ಕಾಣುವುದು ತಾಣದ ಹೆಸರು ಮಾತ್ರ, ಒಳಗಿನ ಪುಟವಲ್ಲ. ಯೂಟ್ಯೂಬ್‌ನ ಒಂದು ವಿಡಿಯೊ, ಇನ್‌ಸ್ಟಾಗ್ರಾಂನ ಒಂದು ರೀಲ್, ವಾಟ್ಸಾಪ್ ಗುಂಪಿಗೆ ಬಂದ ಚಿತ್ರ ಇದಕ್ಕೆ ಸಿಗವು. ಯೂಟ್ಯೂಬ್‌ಗೆ ರಿಸ್ಟ್ರಿಕ್ಟೆಡ್ ಮೋಡ್ ಬೇರೆಯಾಗಿ ಹಾಕಿ. ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಆ್ಯಪ್ ಇದ್ದರೆ ರೂಟರ್‌ನ ಫಿಲ್ಟರ್ ಪೂರ್ತಿ ನಿರುಪಯೋಗಿ. ಬ್ರೌಸರ್‌ನ "ಸುರಕ್ಷಿತ ಡಿಎನ್‌ಎಸ್" ಆಯ್ಕೆಯಲ್ಲಿ ಬೇರೆ ಸೇವೆ ಆರಿಸಿದ್ದರೂ ಅಷ್ಟೇ. ಮಕ್ಕಳ ಆಂಡ್ರಾಯ್ಡ್ ಫೋನಿಗೆ ಫ್ಯಾಮಿಲಿ ಲಿಂಕ್ (ಪೋಷಕರ ನಿಯಂತ್ರಣಕ್ಕೆಂದು ಗೂಗಲ್ ಕೊಡುವ ಆ್ಯಪ್) ಹಾಕಿ, ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಕಡ್ಡಾಯ ಮಾಡುವುದು ಅದಕ್ಕೇ.

ಮೊಬೈಲ್ ಡೇಟಾಗೆ ಮನೆಯ ರೂಟರ್ ಲೆಕ್ಕಕ್ಕೇ ಇಲ್ಲ. ಆಂಡ್ರಾಯ್ಡ್ 9 ಅಥವಾ ನಂತರದ ಫೋನಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಪ್ರೈವೇಟ್ ಡಿಎನ್‌ಎಸ್‌ಗೆ ಕ್ಲೌಡ್‌ಫ್ಲೇರ್‌ನ ಫ್ಯಾಮಿಲಿ ಹೋಸ್ಟ್‌ನೇಮ್ (family.cloudflare-dns.com) ಬರೆಯಿರಿ; ಮನೆಯಾಚೆಗೂ ಫಿಲ್ಟರ್ ಜೊತೆಗಿರುತ್ತದೆ. ಕಂಪನಿ ಕೊಟ್ಟ ಫೈಬರ್ ರೂಟರ್‌ನಲ್ಲಿ ಡಿಎನ್‌ಎಸ್ ಲಾಕ್ ಆಗಿದ್ದರೂ ಇದೇ ದಾರಿ.

ಬೇಕಾದ ತಾಣವೇ ಸಿಕ್ಕಿಹಾಕಿಕೊಂಡರೆ 1.1.1.3ರಲ್ಲಿ ಅದೊಂದನ್ನೇ ಬಿಡಿಸಲಾಗದು. ನೆಕ್ಸ್ಟ್‌ಡಿಎನ್‌ಎಸ್ ಎಂಬ ಇನ್ನೊಂದು ಡಿಎನ್‌ಎಸ್ ಸೇವೆಯಲ್ಲಿ ಖಾತೆ ತೆರೆದರೆ ಅದನ್ನು ಅಲೋಲಿಸ್ಟ್‌ಗೆ (ತಡೆಯಬಾರದ ತಾಣಗಳ ಪಟ್ಟಿಗೆ) ಸೇರಿಸಬಹುದು. ಆದರೆ ಅದರ ಉಚಿತ ಖಾತೆ ತಿಂಗಳಿಗೆ 3 ಲಕ್ಷ ಕ್ವೆರಿಗಳಷ್ಟೇ (ಸಾಧನಗಳು ತಾಣದ ವಿಳಾಸ ಕೇಳುವ ಪ್ರತಿ ಸಲವೂ ಒಂದು ಕ್ವೆರಿ). ಅದು ಮೀರಿದರೆ ನೆಟ್ ನಿಲ್ಲುವುದಿಲ್ಲ, ಫಿಲ್ಟರ್ ಮಾತ್ರ ನಿಲ್ಲುತ್ತದೆ.