ಡ್ರೈವ್ ವಕ್ರ, ಸ್ಕೋರು ನೆಟ್ಟಗೆ: ಗಾಲ್ಫಿನಲ್ಲಿ ನನ್ನ ಅನುಭವ

ಹೋಲಿನ ಆರಂಭದ ಜಾಗವಾದ ಟೀಯಿಂದ ಹೊಡೆಯುವ ಉದ್ದ ಹೊಡೆತ, ಎಂದರೆ ನನ್ನ ಡ್ರೈವ್, ಇಂದಿಗೂ ನೆಟ್ಟಗಾಗಿಲ್ಲ. ಒಂದು ಸುತ್ತಿನ ಹದಿಮೂರು ಹದಿನಾಲ್ಕು ಟೀ ಶಾಟ್‌ಗಳಲ್ಲಿ ಐದಾರು ಫೇರ್‌ವೇಯಲ್ಲಿ (ಹೋಲಿನತ್ತ ಹೋಗುವ ಕತ್ತರಿಸಿದ ಹುಲ್ಲಿನ ಹಾದಿ) ನಿಂತರೆ ಅದೇ ಹೆಚ್ಚು. ಉಳಿದವು ಬಲಕ್ಕೆ ಬಾಗಿ ಮರಗಳ ಬುಡವನ್ನೋ ಪಕ್ಕದ ಹೋಲಿನ ಫೇರ್‌ವೇಯನ್ನೋ ಸೇರುತ್ತವೆ. ಹಾಗಿದ್ದೂ ಕಳೆದ ಎರಡು ವರ್ಷಗಳಿಂದ ನನ್ನ ಸ್ಕೋರು, ಎಂದರೆ ಒಂದು ಸುತ್ತಿನ ಒಟ್ಟು ಹೊಡೆತಗಳು (ಕಡಿಮೆಯಾದಷ್ಟೂ ಒಳ್ಳೆಯದು), 82ರಿಂದ 86ರ ನಡುವೆ ನೆಲೆ ನಿಂತಿದೆ, ಕೆಲವೊಮ್ಮೆ 80ರ ಕೆಳಗೂ ಇಳಿದಿದೆ, 21ರ ಆಸುಪಾಸಿನಲ್ಲಿದ್ದ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟದ ಅಂಕ) 12ಕ್ಕೆ ಬಂದಿದೆ. ಪುಣೆಯ ನಮ್ಮ ಕನ್ನಡಿಗರ ಫೋರ್‌ಬಾಲಿನಲ್ಲಿ (ನಾಲ್ವರ ಆಟದ ಗುಂಪಿನಲ್ಲಿ) ವಿಜಯಪುರ ಕಡೆಯ ವೈದ್ಯರೊಬ್ಬರೂ ಸೇನೆಯಿಂದ ನಿವೃತ್ತರಾದ ಕೊಡಗಿನ ಕರ್ನಲ್ ಒಬ್ಬರೂ ಇದ್ದಾರೆ. "ಡ್ರೈವ್ ಸುಧಾರಿಸೂತನಕಾ ತೊಂಬತ್ತರ ಕೆಳಗ ಇಳಿಯೂದು ಆಗದ ಮಾತ್ರೀ" ಎಂದು ವೈದ್ಯರು ಮೂರು ವರ್ಷ ಹೇಳುತ್ತಲೇ ಬಂದರು. ಈಗ ಅವರು ಆ ವಿಷಯವನ್ನು ಎತ್ತುವುದಿಲ್ಲವಾದ್ದರಿಂದ ನಾನೇ ಎತ್ತಿ ಬರೆಯುತ್ತಿದ್ದೇನೆ.

ಡ್ರೈವನ್ನು ಸುಧಾರಿಸಲು ನಾನು ಹಣ ಸುರಿಯಲಿಲ್ಲವೆಂದು ಯಾರೂ ಭಾವಿಸಬಾರದು. ಡ್ರೈವ್ ಹೊಡೆಯುವ ಕ್ಲಬ್ ಆದ ಮೊದಲ ಡ್ರೈವರ್‌ಗೆ ಸುಮಾರು 48,000 ರೂಪಾಯಿ ಕೊಟ್ಟೆ. ಒಂದೂವರೆ ವರ್ಷದ ನಂತರ ಅದು ಇಪ್ಪತ್ತು ಸಾವಿರದ ಸುಮಾರಿಗೆ ಹೋಯಿತು. ಶಾಫ್ಟ್ (ಕ್ಲಬ್‌ನ ದಂಡ) ಮೃದುವಾಗಿರಬೇಕು ಎಂದು ಒಬ್ಬರು, ಗಟ್ಟಿಯಾಗಿರಬೇಕು ಎಂದು ಇನ್ನೊಬ್ಬರು ಹೇಳಿದ್ದರಿಂದ ಎರಡನ್ನೂ ಹಾಕಿಸಿ ನೋಡಿದೆ. ಒಂದು ಇಡೀ ಮಳೆಗಾಲ, ಅರ್ಧ ಗಂಟೆಗೆ 1,800 ರೂಪಾಯಿಯಂತೆ ಕೊಟ್ಟು ಕೋಚ್ ಒಬ್ಬರ ಬಳಿ ಕಲಿತೆ. ಒಟ್ಟು ಖರ್ಚು ಒಂದೂವರೆ ಲಕ್ಷವನ್ನು ಮೀರಿರಬೇಕು. ಅಭ್ಯಾಸದ ರೇಂಜಿನ ಮ್ಯಾಟ್ ಮೇಲೆ ಸ್ಲೈಸ್, ಎಂದರೆ ಬಲಕ್ಕೆ ಬಾಗುವ ಚಾಳಿ, ಮಾಯವಾಗುತ್ತಿತ್ತು, ಒಂದನೇ ಟೀ ಮೇಲೆ ನಿಂತೊಡನೆ ಮರಳಿ ಬರುತ್ತಿತ್ತು. ಐವತ್ತೈದು ದಾಟಿದ ಸೊಂಟ ಎಷ್ಟು ತಿರುಗಬಲ್ಲದೋ ಅಷ್ಟೇ ತಿರುಗುತ್ತದೆ ಎಂಬುದು ಕೋಚ್ ಅವರಿಗೂ ತಿಳಿದಿತ್ತು, ಆದರೆ ಶುಲ್ಕ ಪಡೆಯುವವರು ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ.

ಆಮೇಲೆ ಒಂದು ಜೇಬಿನ ಡೈರಿಯನ್ನು ಇಟ್ಟುಕೊಂಡು, ಸುತ್ತು ಮುಗಿದ ಮೇಲೆ ಚಹಾ ಬರುವುದರೊಳಗೆ ಪ್ರತಿಯೊಂದು ಹೆಚ್ಚುವರಿ ಹೊಡೆತ ಎಲ್ಲಿ ಹೋಯಿತೆಂದು ಬರೆಯತೊಡಗಿದೆ. ಆಗ ನನ್ನ ಸಾಮಾನ್ಯ ಸ್ಕೋರು 93, ಎಂದರೆ ಕೋರ್ಸಿಗೆ ನಿಗದಿಯಾದ ಹೊಡೆತಗಳಾದ ಪಾರ್ 72ಕ್ಕಿಂತ ಇಪ್ಪತ್ತೊಂದು ಹೆಚ್ಚು. ಅದರಲ್ಲಿ ಔಟ್ ಆಫ್ ಬೌಂಡ್ಸ್ (ಕೋರ್ಸಿನ ಗಡಿಯಾಚೆ ಹೋದದ್ದು) ಮತ್ತು ಕಳೆದುಹೋದ ಚೆಂಡುಗಳ ಪಾಲು ಸರಾಸರಿ ನಾಲ್ಕು, ಮರಗಳ ನಡುವಿನಿಂದ ಸಾಹಸ ಮಾಡಲು ಹೋಗಿ ಕಳೆದದ್ದು ಇನ್ನೊಂದು ನಾಲ್ಕು. ಉಳಿದ ಹನ್ನೆರಡು ಹದಿಮೂರು ಹೊಡೆತಗಳು ಎಂಬತ್ತು ಯಾರ್ಡ್‌ನೊಳಗೆ, ಡಫ್ ಆದ (ನೆಲಕ್ಕೆ ಬಡಿದು ಕೆಟ್ಟ) ಚಿಪ್ ಎಂಬ ಗಿಡ್ಡ ಹೊಡೆತ, ಬಂಕರಿನ ಮರಳಿನಲ್ಲೇ ಉಳಿದ ಚೆಂಡು ಮತ್ತು ಗ್ರೀನ್‌ನ (ಹೋಲಿನ ಸುತ್ತಲಿನ ನುಣುಪು ಹುಲ್ಲು) ಮೇಲೆ ಚೆಂಡನ್ನು ಉರುಳಿಸುವ ಮೂರು ಪಟ್‌ಗಳ ರೂಪದಲ್ಲಿ ಸೋರಿಹೋಗುತ್ತಿದ್ದವು. ಡ್ರೈವ್‌ನ ಮೇಲೆ ನಾನು ಹೊರಿಸಿದ್ದ ಆರೋಪದಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳಾಗಿತ್ತು.

ಈ ಲೆಕ್ಕವನ್ನು ತೋರಿಸಿದಾಗ ವೈದ್ಯರು ಮಾರ್ಕ್ ಬ್ರೋಡಿ ಅವರ ಸಂಶೋಧನೆಯನ್ನು ಮುಂದಿಟ್ಟರು. ಕೊಲಂಬಿಯಾ ವಿಶ್ವವಿದ್ಯಾಲಯದ ಈ ಪ್ರಾಧ್ಯಾಪಕರು ಅಮೆರಿಕದ ವೃತ್ತಿಪರರ ಸರಣಿಯಾದ ಪಿಜಿಎ ಟೂರಿನ ಅಂಕಿಅಂಶಗಳನ್ನು ಜಾಲಾಡಿ, ಆಟಗಾರರ ನಡುವಿನ ಸ್ಕೋರಿನ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಭಾಗ ನೂರು ಯಾರ್ಡ್‌ನ ಆಚೆಯ ಹೊಡೆತಗಳಿಂದಲೇ ಬರುತ್ತದೆಂದು ತೋರಿಸಿದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಬ್ಬರು ಆಟಗಾರರ ನಡುವಿನ ಅಂತರ ಎಲ್ಲಿಂದ ಬರುತ್ತದೆ ಎಂಬುದು ಒಂದು ಪ್ರಶ್ನೆ, ವಾರಕ್ಕೆ ಮೂರು ಗಂಟೆ ಬಿಡುವಿರುವ, ಸೊಂಟ ಬಿಗಿದಿರುವ ಒಬ್ಬ ಮನುಷ್ಯ ಆ ಮೂರು ಗಂಟೆಯಲ್ಲಿ ಏನನ್ನು ಸಂಪಾದಿಸಬಲ್ಲ ಎಂಬುದು ಬೇರೆಯೇ ಪ್ರಶ್ನೆ. ಕರ್ನಲ್ ಅವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಹೆಸರನ್ನು ತಂದರು: 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೂರ ಹೊಡೆಯುವವರ ನಡುವೆ ಗಿಡ್ಡ ಡ್ರೈವ್‌ನೊಂದಿಗೇ ಆಡಿ, ಒಂದೇ ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದ ಅವರ ಡ್ರೈವ್ ಗಿಡ್ಡವಾದರೂ ನೆಟ್ಟಗಿತ್ತಲ್ಲ ಎಂಬುದು ಕರ್ನಲ್ ಅವರ ವಾದ. ನಾನು ಸ್ಪೇನಿನ ಸೆವೆ ಬ್ಯಾಲೆಸ್ಟರೋಸ್ ಅವರ ಹೆಸರನ್ನು ತಂದೆ. 1979ರ ಬ್ರಿಟಿಷ್ ಓಪನ್‌ನಲ್ಲಿ, ರಾಯಲ್ ಲಿದಮ್ ಕೋರ್ಸಿನ ಹದಿನಾರನೇ ಹೋಲಿನಲ್ಲಿ ಅವರ ಡ್ರೈವ್ ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ ಬಿದ್ದಿತ್ತು. ಅಲ್ಲಿಂದಲೇ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮಾಡಿ ಅವರು ಆ ಓಪನ್ ಗೆದ್ದರು. ಕರ್ನಲ್ ಅವರು "ನೀವು ಸೆವೆ ಅಲ್ಲ" ಎಂದರು. ಅದೂ ನಿಜವೇ.

ಟೀ ಮೇಲೆ ನಾನು ಬದಲಿಸಿದ್ದು ಸ್ವಿಂಗನ್ನಲ್ಲ, ನಿರ್ಧಾರವನ್ನು. ಕಾಂಪೌಂಡ್ ಗೋಡೆ ಬಲಕ್ಕಿರುವ ಹೋಲುಗಳಲ್ಲಿ ಡ್ರೈವರ್ ಚೀಲದಿಂದ ಹೊರಬರುವುದೇ ಇಲ್ಲ. ಡ್ರೈವರಿಗಿಂತ ಗಿಡ್ಡ ಕ್ಲಬ್ ಆದ ನಾಲ್ಕನೇ ಹೈಬ್ರಿಡ್‌ನಿಂದ 170 ಯಾರ್ಡ್ ಹೋದರೆ ಸಾಕು. ಬಲ ಬದಿ ತೆರೆದಿರುವಲ್ಲಿ ಎಡಬದಿಯ ರಫ್‌ನ (ಉದ್ದ ಹುಲ್ಲಿನ) ಅಂಚಿಗೆ ಗುರಿಯಿಟ್ಟು, ಬಾಗುವಷ್ಟು ಬಾಗಲಿ ಎಂದು ಹೊಡೆಯುತ್ತೇನೆ. ಚೆಂಡು ಮರಗಳೊಳಗೆ ಹೋದರೆ ಎಲೆಗಳ ನಡುವೆ ಸಂದು ಹುಡುಕುವುದನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ. ನನ್ನ ಕ್ಯಾಡಿ ಹಲವು ವರ್ಷಗಳಿಂದ "ಸಾಹೇಬ, ಆಧೀ ಬಾಹೇರ್ ಕಾಢಾ" ಎಂದು ಮರಾಠಿಯಲ್ಲಿ ಗೊಣಗುತ್ತಿದ್ದುದು ಇದನ್ನೇ: ಮೊದಲು ಚೆಂಡನ್ನು ಹೊರಗೆ ತೆಗೆಯಿರಿ. ಈಗ ಏಳನೇ ಐರನ್‌ನಿಂದ ಅಡ್ಡಕ್ಕೆ ತಳ್ಳುತ್ತೇನೆ, ಆದರೆ ಎಲ್ಲೆಂದರಲ್ಲಿಗೆ ಅಲ್ಲ. ನನ್ನ ವೆಜ್‌ಗಳ (ಗಿಡ್ಡ ದೂರಕ್ಕೆ ಚೆಂಡನ್ನು ಎತ್ತಿ ಹೊಡೆಯುವ ಕ್ಲಬ್‌ಗಳು) ಯಾವುದಾದರೊಂದು ದೂರಕ್ಕೆ ಸರಿಹೊಂದುವ ಜಾಗಕ್ಕೆ.

ಆ ದೂರಗಳನ್ನು ಅಳೆಯುವುದರಲ್ಲೇ ಒಂದು ಚಳಿಗಾಲ ಕಳೆಯಿತು. ರೇಂಜಿನ ಚೆಂಡುಗಳು ಸವೆದು, ಆಟದ ಚೆಂಡಿಗಿಂತ ಗಿಡ್ಡವಾಗಿ ಹಾರುವುದರಿಂದ ಅಲ್ಲಿ ಅಳೆದದ್ದು ಕೋರ್ಸಿನಲ್ಲಿ ನಿಲ್ಲಲಿಲ್ಲ. ಕೊನೆಗೆ ಚಿಂಚವಡದಾಚೆಯ ಒಂದು ಖಾಲಿ ಮೈದಾನದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಮೂವತ್ತು ಮೀಟರ್ ಟೇಪು ಮತ್ತು ಪ್ಲಾಸ್ಟಿಕ್ ಬಕೆಟ್‌ಗಳನ್ನಿಟ್ಟುಕೊಂಡು, ನಾನು ಆಡುವ ಚೆಂಡುಗಳಿಂದಲೇ ಅಳೆದೆ. ಮುಖದ ಓರೆ 46, 52, 56 ಡಿಗ್ರಿ ಇರುವ ಮೂರು ವೆಜ್‌ಗಳು. ಪ್ರತಿಯೊಂದಕ್ಕೂ ಎಡತೋಳು ನೆಲಕ್ಕೆ ಸಮನಾಗುವವರೆಗಿನ ಅರ್ಧ ಸ್ವಿಂಗ್, ಮತ್ತೆ ಪೂರ್ಣ ಸ್ವಿಂಗ್. 56ರಲ್ಲಿ ಅರ್ಧಕ್ಕೆ 50 ಮತ್ತು ಪೂರ್ಣಕ್ಕೆ 78, 52ರಲ್ಲಿ 62 ಮತ್ತು 92, 46ರಲ್ಲಿ 75 ಮತ್ತು 108 ಯಾರ್ಡ್ ಎಂದು ನೆನಪು; ಒಂದೆರಡು ಯಾರ್ಡ್ ಅತ್ತಿತ್ತ ಇರಬಹುದು. ಮುಕ್ಕಾಲು ಸ್ವಿಂಗನ್ನೂ ಸೇರಿಸಲು ಯತ್ನಿಸಿದೆ, ಒತ್ತಡದಲ್ಲಿ ಅದು ಯಾವಾಗಲೂ ಪೂರ್ಣ ಸ್ವಿಂಗ್ ಆಗಿಬಿಡುತ್ತಿದ್ದುದರಿಂದ ಕೈಬಿಟ್ಟೆ. 60 ಡಿಗ್ರಿಯ ವೆಜ್‌ಗೆ ಹನ್ನೊಂದು ಸಾವಿರ ಕೊಟ್ಟಿದ್ದೆ. ಬೇಸಿಗೆಯ ಗಟ್ಟಿ ನೆಲದಲ್ಲಿ ಅದರ ಅಂಚು ಚೆಂಡಿನ ಹೊಟ್ಟೆಗೇ ಬಡಿದು, ಚೆಂಡು ಗ್ರೀನ್‌ನ ಆಚೆಗೆ ಹಾರುತ್ತಿತ್ತು. ಅದೀಗ ಮಗಳ ಮನೆಯ ಅಟ್ಟದ ಮೇಲಿದೆ.

ಪುಣೆಯಲ್ಲಿ ಆಡುವವರು ಬೌನ್ಸ್ (ವೆಜ್‌ನ ತಳದ ಉಬ್ಬು) ವಿಷಯದಲ್ಲಿ ಎರಡು ಮನಸ್ಸು ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹುಲ್ಲು ತೆಳುವಾಗಿ ಕೆಳಗಿನ ಮುರುಮ್ (ಗರಸು ಮಣ್ಣು) ಇಣುಕುವಾಗ ಹೆಚ್ಚು ಬೌನ್ಸ್ ಇರುವ ವೆಜ್ ನೆಲಕ್ಕೆ ಬಡಿದು ಪುಟಿಯುತ್ತದೆ. ಜುಲೈಯಲ್ಲಿ ಅದೇ ನೆಲ ಮೆತ್ತಗಾದಾಗ ಕಡಿಮೆ ಬೌನ್ಸ್‌ನ ವೆಜ್ ಗುದ್ದಲಿಯಂತೆ ಮಣ್ಣೊಳಗೆ ಇಳಿಯುತ್ತದೆ. ಎರಡು ಹೊಸ 56ಗಳನ್ನು ಕೊಳ್ಳುವ ಮನಸ್ಸಿರಲಿಲ್ಲ. ಭೋಸರಿಯಲ್ಲಿ ಪರಿಚಿತರೊಬ್ಬರ ವರ್ಕ್‌ಶಾಪ್ ಇದೆ. ಅಲ್ಲಿನ ಗ್ರೈಂಡರ್‌ನಲ್ಲಿ ಮೂರು ಸಾವಿರಕ್ಕೆ ಸಿಕ್ಕ ಹಳೆಯ ವೆಜ್‌ಗಳ ಹೀಲ್ (ದಂಡದ ಕಡೆಯ ತಳ) ಮತ್ತು ಹಿಂಬದಿಯ ಅಂಚನ್ನು, ಬೌನ್ಸ್ ತಗ್ಗಲೆಂದು, ತೆಗೆಸಿದೆ. ಮೊದಲನೆಯದು ಹೆಚ್ಚು ಸವೆದು ಗುಜರಿ ಸೇರಿತು. ಎರಡನೆಯದನ್ನು ನೀರಿನಲ್ಲಿ ಅದ್ದಿ ಅದ್ದಿ, ಸ್ವಲ್ಪ ಸ್ವಲ್ಪವೇ ಉಜ್ಜಿಸಿದ್ದರಿಂದ ಚೆನ್ನಾಗಿ ಬಂತು. ತಲೆಯ ತೂಕ ಇಳಿದಿದ್ದಕ್ಕೆ ಹಿಂದೆ ಸೀಸದ ಟೇಪು ಅಂಟಿಸಿದೆ. ಕ್ರೋಮ್ ಹೋದ ಜಾಗಕ್ಕೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಎಣ್ಣೆ ಬಟ್ಟೆಯಿಂದ ಒರೆಸಿಟ್ಟರೆ ಸಾಕು. ಎಷ್ಟು ಉಜ್ಜಿಸಿದೆ, ಯಾವ ಕೋನದಲ್ಲಿ ಎಂದು ಕರ್ನಲ್ ಅವರು ಹಲವು ಬಾರಿ ಕೇಳಿದ್ದಾರೆ. ಅವರಿಗೆ ಹೇಳದ್ದನ್ನು ಇಲ್ಲಿಯೂ ಬರೆಯುವುದಿಲ್ಲ, ಏಕೆಂದರೆ ಇದನ್ನು ಅವರೂ ಓದುತ್ತಾರೆ.

ಗ್ರೀನ್ ಪಕ್ಕದ ಚಿಪ್‌ನಲ್ಲಿ ನನ್ನದು ಒಂದೇ ಹೊಡೆತ, ಕ್ಲಬ್ ಮಾತ್ರ ಬೇರೆ ಬೇರೆ. ಚೆಂಡು ಗ್ರೀನ್‌ನ ಅಂಚಿನಿಂದ ಒಂದು ಯಾರ್ಡ್ ಒಳಗೆ ಬೀಳಬೇಕು. ಅಲ್ಲಿಂದ ಹೋಲಿಗೆ ಎಷ್ಟು ಉರುಳಬೇಕೆಂಬುದನ್ನು ಕ್ಲಬ್ ನೋಡಿಕೊಳ್ಳುತ್ತದೆ. ಹಾರಿದಷ್ಟೇ ಉರುಳಬೇಕಾದರೆ 56, ಎರಡರಷ್ಟಕ್ಕೆ ಪಿಚಿಂಗ್ ವೆಜ್ (46), ನಾಲ್ಕರಷ್ಟಕ್ಕೆ ಎಂಟನೇ ಐರನ್ ಎಂಬ ಅನುಪಾತ ಎಲ್ಲರಿಗೂ ಗೊತ್ತಿರುವುದೇ. ಆದರೆ ನಮ್ಮ ಬರ್ಮುಡಾ ಹುಲ್ಲಿನ ಗ್ರೀನ್‌ಗಳಲ್ಲಿ ಹುಲ್ಲು ಒರಗಿದ ದಿಕ್ಕು ಈ ಅನುಪಾತವನ್ನು ಕೆಡಿಸುತ್ತದೆ. ಹುಲ್ಲು ಹೊಳೆಯುತ್ತಿದ್ದರೆ ಅದು ನಮ್ಮಿಂದಾಚೆಗೆ ಒರಗಿದೆ, ಚೆಂಡು ಹೆಚ್ಚು ಓಡುತ್ತದೆ. ಕಪ್ಪಾಗಿ ಕಂಡರೆ ನಮ್ಮ ಕಡೆಗೆ ಒರಗಿದೆ. ಸಂದೇಹವಿದ್ದಾಗ ಹೋಲಿನ ಅಂಚನ್ನು ನೋಡಬೇಕು. ಸವೆದು ಒಣಗಿದ ಬದಿಯ ಕಡೆಗೆ ಹುಲ್ಲು ಬೆಳೆಯುತ್ತಿರುತ್ತದೆ.

ಇದನ್ನು ಕಣ್ಣಳತೆಗೆ ಬಿಡಲು ಮನಸ್ಸಾಗದೆ ಒಂದು ಸ್ಟಿಂಪ್‌ಮೀಟರನ್ನೇ ಮಾಡಿಕೊಂಡೆ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ರೂಪಿಸಿದ ಈ ಸಾಧನ, ಮೂವತ್ತಾರು ಅಂಗುಲದ ಒಂದು ಪಟ್ಟಿ. ಕೆಳತುದಿಯಿಂದ ಮೂವತ್ತು ಅಂಗುಲದ ಮೇಲೆ ಒಂದು ಕಚ್ಚು, ಪಟ್ಟಿಯನ್ನು ಸುಮಾರು ಇಪ್ಪತ್ತು ಡಿಗ್ರಿ ಎತ್ತಿದಾಗ ಚೆಂಡು ಕಚ್ಚಿನಿಂದ ಜಾರಿ ಉರುಳುತ್ತದೆ, ಉರುಳಿದ ಅಡಿಗಳೇ ಗ್ರೀನ್‌ನ ವೇಗ. ಅಲ್ಯೂಮಿನಿಯಂ ಚಾನೆಲ್‌ಗೂ ಫೈಲ್ ಮಾಡಿದ ಕೂಲಿಗೂ ಸೇರಿ ನಾನೂರು ರೂಪಾಯಿಯೂ ಆಗಲಿಲ್ಲ. ಬೆಳಗಿನ ಇಬ್ಬನಿಯಲ್ಲಿ ಏಳು ಅಡಿ ಇದ್ದ ಅಭ್ಯಾಸದ ಗ್ರೀನ್ ಹತ್ತು ಗಂಟೆಗೆ ಎಂಟೂವರೆಗೆ ಏರುತ್ತಿತ್ತು. ಒರಗಿದ ಹುಲ್ಲಿನ ಜೊತೆಗೆ ಉರುಳಿಸುವುದಕ್ಕೂ ಎದುರಾಗಿ ಉರುಳಿಸುವುದಕ್ಕೂ ಒಂದೂವರೆ ಅಡಿಯ ಅಂತರ ಕಂಡಿತು. ಮುಂಜಾನೆ ಆಡುವ ನಾವು ಮೊದಲ ಐದಾರು ಹೋಲುಗಳಲ್ಲಿ ಪಟ್‌ಗಳನ್ನು ಗಿಡ್ಡವಾಗಿಯೂ ಕೊನೆಯ ಹೋಲುಗಳಲ್ಲಿ ಉದ್ದವಾಗಿಯೂ ಬಿಡುವುದಕ್ಕೆ ಕಾರಣ ಕೈ ನಡುಕವಲ್ಲ, ಇಬ್ಬನಿ.

ಪಟ್‌ನ ವಿಷಯದಲ್ಲಿ ನನ್ನ ಗುರಿ ಅತ್ಯಂತ ಸಣ್ಣದು. ಪಿಜಿಎ ಟೂರಿನ ವೃತ್ತಿಪರರೇ ಎಂಟು ಅಡಿಯ ಪಟ್‌ಗಳಲ್ಲಿ ಸುಮಾರು ಅರ್ಧವನ್ನಷ್ಟೇ ಹಾಕುತ್ತಾರೆ ಎಂದ ಮೇಲೆ ನಾನು ಎಂಟು ಅಡಿಯನ್ನು ನೆಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಚಿಪ್ ನಾಲ್ಕು ಅಡಿಯೊಳಗೆ ನಿಲ್ಲಬೇಕು, ನಾಲ್ಕು ಅಡಿಯನ್ನು ಹಾಕಬೇಕು, ಅಭ್ಯಾಸವೆಲ್ಲ ಇವೆರಡಕ್ಕೇ. ಪಟ್ ಮಾಡುವಾಗ ಫ್ಲ್ಯಾಗನ್ನು ಹೋಲಿನಲ್ಲೇ ಬಿಡಲು 2019ರ ನಿಯಮಗಳು ಅನುಮತಿ ಕೊಟ್ಟ ಮೇಲೆ ಅದನ್ನೂ ಕೆಲವು ಸಂಜೆ ಪರೀಕ್ಷಿಸಿದೆ. ಇಳಿಜಾರಿನ ವೇಗದ ಪಟ್‌ಗೆ ಕಂಬ ತಡೆಯಾಗಿ ಸಹಾಯ ಮಾಡಿತು, ಗಾಳಿಗೆ ಕಂಬ ನಮ್ಮ ಕಡೆಗೆ ವಾಲಿದ್ದಾಗ ಚೆಂಡನ್ನು ಹೊರಗೆ ತಳ್ಳಿತು. ಬೆಟ್ಟಗಳ ನಡುವೆ ಗಾಳಿ ನುಗ್ಗುವ ಖಾರ್‌ಘರ್‌ನ ಸಿಡ್ಕೊ ಕೋರ್ಸಿನಲ್ಲಿ ಆಡುವಾಗ ಈ ಕಾರಣಕ್ಕೇ ಕಂಬವನ್ನು ತೆಗೆಸುತ್ತೇನೆ.

ಬಂಕರಿನ ಬಗ್ಗೆ ಹೆಚ್ಚು ಬರೆಯಲಾರೆ. ಮಳೆಯಿಂದ ಬಿಗಿದ ಮರಳಿಗೆ 56ನ್ನು ಬಿಟ್ಟು 52ನ್ನು ಬಳಸುತ್ತೇನೆ ಎಂಬುದಷ್ಟನ್ನು ಹೇಳಬಹುದು. ಬಲಗೈ ಹಿಡಿತದಲ್ಲಿ ಮಾಡಿಕೊಂಡಿರುವ ಸಣ್ಣ ಬದಲಾವಣೆ ಗೆಳೆಯರೊಡನೆ ಕಟ್ಟುವ ಭಾನುವಾರದ ಪಣದ ಗುಟ್ಟು. ಎರಡು ಹೊಡೆತದೊಳಗೆ ಹೊರಬಾರದಂಥ ಲೈ (ಚೆಂಡು ಕುಳಿತಿರುವ ಸ್ಥಿತಿ) ಇದ್ದರೆ, ಎರಡು ಪೆನಾಲ್ಟಿ ಹೊಡೆತ ಕೊಟ್ಟು ಬಂಕರಿನ ಹಿಂದಕ್ಕೆ ಹೋಗಿ ಡ್ರಾಪ್ ಮಾಡುವ (ಚೆಂಡನ್ನು ಕೈಯಿಂದ ಬೀಳಿಸಿ ಆಡುವ) ಅವಕಾಶವೂ 2019ರಿಂದ ಇದೆ, ಅದನ್ನು ಬಳಸಲು ನಾಚುವವರು ಅಲ್ಲೇ ನಾಲ್ಕು ಹೊಡೆತ ಕಳೆಯುವುದನ್ನು ಕಂಡಿದ್ದೇನೆ.

ಈಗ ನಾನು ಹದಿನೆಂಟು ಹೋಲುಗಳ ಒಂದು ಸುತ್ತಿನಲ್ಲಿ ನಿಗದಿತ ಹೊಡೆತಗಳೊಳಗೆ ಮುಟ್ಟುವ ಗ್ರೀನ್‌ಗಳು ನಾಲ್ಕೋ ಐದೋ. ಉಳಿದ ಹದಿಮೂರು ಹದಿನಾಲ್ಕರಲ್ಲಿ ಐದಾರನ್ನು ಒಂದು ಚಿಪ್, ಒಂದು ಪಟ್‌ನಿಂದ ಪಾರ್ ಆಗಿ ಉಳಿಸಿಕೊಳ್ಳುತ್ತೇನೆ, ಏಳೆಂಟು ಬೋಗಿ (ಪಾರ್‌ಗಿಂತ ಒಂದು ಹೆಚ್ಚು), ಒಂದೆರಡು ಡಬಲ್ (ಎರಡು ಹೆಚ್ಚು). ಮೊದಲು ಹದಿನಾಲ್ಕರಲ್ಲಿ ಎರಡು ಉಳಿದರೆ ಹಬ್ಬವಾಗುತ್ತಿತ್ತು.

ಖರ್ಚಿನಲ್ಲಿ ಈಗ ಉಳಿದಿರುವುದು ಮುಖ್ಯವಾಗಿ ಚೆಂಡು ಮತ್ತು ವೆಜ್. ಗಟ್ಟಿ ಕವಚದ ಅಗ್ಗದ ಚೆಂಡು ಚಿಪ್‌ಗೆ ನಿಲ್ಲುವುದಿಲ್ಲ. ಯುರಿಥೇನ್ ಕವಚದ ಹೊಸ ಚೆಂಡಿಗೆ ನಾನೂರರ ಹತ್ತಿರ ಬೆಲೆ. ಕ್ಯಾಡಿಗಳ ಬಳಿ ಅದೇ ಚೆಂಡು, ಗೀರು ಬೀಳದ್ದು, ನೂರರೊಳಗೆ ಸಿಗುತ್ತದೆ. ಮೊದಲು ಸುತ್ತಿಗೆ ಮೂರು ನಾಲ್ಕು ಕಳೆಯುತ್ತಿದ್ದ ನಾನು ಈಗ ಒಂದು ಕಳೆದರೆ ಹೆಚ್ಚು. 56ರ ಗ್ರೂವ್‌ಗಳು (ಮುಖದ ಮೇಲಿನ ಗೆರೆಗಚ್ಚುಗಳು) ಮಾತ್ರ ಬಂಕರ್ ಅಭ್ಯಾಸದಿಂದ ಎರಡು ವರ್ಷದೊಳಗೆ ಸವೆದು, ಒದ್ದೆ ಹುಲ್ಲಿನಿಂದ ಚೆಂಡು ಹಿಡಿತ ತಪ್ಪಿ ಹಾರತೊಡಗುತ್ತದೆ. ಆಗ ಹೊಸದು ಕೊಳ್ಳಲೇಬೇಕು, ಹನ್ನೆರಡು ಸಾವಿರದ ಮಾತು. ಹೋಲಿಗೆ ನೂರು ರೂಪಾಯಿಯ ಭಾನುವಾರದ ಪಣದಲ್ಲಿ ವೈದ್ಯರಿಂದಲೂ ಕರ್ನಲ್ ಅವರಿಂದಲೂ ಅದನ್ನು ಕಂತುಗಳಲ್ಲಿ ವಸೂಲಿ ಮಾಡುತ್ತಿದ್ದೇನೆ.